ಮಗ್ಗದ ಬಡಿತ, ಎದೆಯ ಬಡಿತ

ಮಗಳೇ, ತೋಂಟದಾರ್ಯ ಜಾತ್ರೆಗೆಂದು ಬೆಂಗಳೂರಿನಿಂದ ಬಂದ ನೀನು ಅಪ್ಪನಿಗೆ ಹೊಸ ಅಂಗಿಯ ಜೊತೆ ಒಂದು ಸ್ಮಾರ್ಟ್‌ವಾಚನ್ನೂ ತಂದೆ. ಮರುದಿನ ಬೆಳಿಗ್ಗೆ ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಎದ್ದು ಅರ್ಧ ತಾಸೂ ಆಗಿರಲಿಲ್ಲ, ಓಡಿ ಬಂದು ನನ್ನ ಬಾಗಿಲು ಬಡಿದೆ. "ದೊಡ್ಡವ್ವಾ, ಅಪ್ಪನ ಎದಿ ಬಡಿತ ನೂರಾ ಹದಿನೆಂಟು ತೋರಸಾಕತ್ತೈತಿ, ಲಗೂನ ಬಾ!" ಚಪ್ಪಲಿ ಮೆಟ್ಟದೆ ಬಂದು ನೋಡಿದರೆ ನಿಮ್ಮಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ತನ್ನ ಪಾಡಿಗೆ ಸೀರೆ ನೇಯುತ್ತಿದ್ದ. ಹಣೆಯಲ್ಲಿ ಬೆವರಿರಲಿಲ್ಲ, ಏದುಸಿರೂ ಇರಲಿಲ್ಲ. ಮಗ್ಗ ನಿಲ್ಲಿಸಿ ಐದು ನಿಮಿಷ ಸುಮ್ಮನೆ ಕೂರಿಸಿದೆ. ಆಮೇಲೆ ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳಿಟ್ಟು ಗೋಡೆ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದೆ. 76 ಬಂತು. ವಾಚು ಅಲ್ಲಿಯವರೆಗೆ ಎಣಿಸಿದ್ದು ಅವನ ಎದೆಯನ್ನಲ್ಲ, ಅವನ ಮಗ್ಗವನ್ನು.

ಆಗ ನಿನ್ನ ಮುಖದಲ್ಲಿ ಸಮಾಧಾನವೂ ಕಂಡಿತು, ದುಡ್ಡು ದಂಡವಾಯಿತೇ ಎಂಬ ಬೇಸರವೂ ಕಂಡಿತು. "ಹಂಗಾರ ಇದು ಉಪಯೋಗಿಲ್ಲೇನು ದೊಡ್ಡವ್ವಾ?" ಎಂದು ಕೇಳಿದೆ. ಜಾತ್ರೆಯ ಮನೆ, ಅಂಗಳದ ತುಂಬ ಬೀಗರು. ಆ ಹೊತ್ತಿಗೆ ನಾನು ಸುಮ್ಮನಾದೆ. ನೀನು ಮತ್ತೆ ರಾತ್ರಿಯ ಬಸ್ಸು ಹತ್ತುವ ಮೊದಲು ಆ ಪ್ರಶ್ನೆಗೆ ಸಾವಕಾಶವಾಗಿ ಉತ್ತರ ಕೊಡಬೇಕು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಸೀಮೆಯ ದವಾಖಾನೆಗಳಲ್ಲಿ ನರ್ಸಬಾಯಿಯಾಗಿ ದುಡಿದು ನಾನು ಕಲಿತದ್ದನ್ನು ಹೇಳುತ್ತೇನೆ, ಕಿವಿಗೆ ಹಾಕಿಕೋ. ಅಪ್ಪ ಅವ್ವನನ್ನು ಊರಲ್ಲಿ ಬಿಟ್ಟು ದೂರದಲ್ಲಿ ದುಡಿಯುವ ಎಲ್ಲ ಮಕ್ಕಳಿಗೂ ಇದು ಬೇಕಾದ ಮಾತು.

ವಾಚು ಉಪಯೋಗಿ. ಆದರೆ ಅದು ತೋರಿಸುವ ಅಂಕಿಗೆ ಹಿಂದೊಂದು ನೆಲ ಬೇಕು, ಮುಂದೊಂದು ದಾರಿ ಬೇಕು. ಹಿಂದಿನ ನೆಲವೆಂದರೆ ಆ ಮನುಷ್ಯನ ದಿನನಿತ್ಯದ ಮೈಯ ಪರಿಚಯ. ಮುಂದಿನ ದಾರಿಯೆಂದರೆ ಅಂಕಿ ಕೆಟ್ಟಾಗ ಯಾರು ಎದ್ದು ಯಾವ ದವಾಖಾನೆಗೆ ಕರೆದೊಯ್ಯಬೇಕು ಎಂಬ ನಿರ್ಧಾರ. ಇವೆರಡೂ ಇಲ್ಲದ ಮನೆಯಲ್ಲಿ ಎಷ್ಟು ದುಬಾರಿಯ ವಾಚಿದ್ದರೂ ಅದು ಗಾಬರಿಯನ್ನಷ್ಟೇ ಹುಟ್ಟಿಸುತ್ತದೆ.

ಮೊದಲು ಅದು ಹೇಗೆ ಎಣಿಸುತ್ತದೆ ಎಂದು ತಿಳಿದುಕೋ. ವಾಚನ್ನು ಮಗುಚಿ ನೋಡಿದರೆ ಹಸಿರು ದೀಪ ಮಿನುಗುವುದು ಕಾಣುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಎದೆ ಒಮ್ಮೆ ಬಡಿದಾಗ ಮಣಿಕಟ್ಟಿನ ಚರ್ಮದಡಿಗೆ ರಕ್ತ ಉಕ್ಕಿ ಬಂದು, ಮರಳುವ ಬೆಳಕು ತುಸು ಕಡಿಮೆಯಾಗುತ್ತದೆ. ರಕ್ತ ಇಳಿದಾಗ ಬೆಳಕು ಹೆಚ್ಚುತ್ತದೆ. ಈ ಏರಿಳಿತದ ಲೆಕ್ಕವೇ ನಿನ್ನ ಮೊಬೈಲಿಗೆ ಬಂದು ಬೀಳುವ ನಾಡಿಯ ಅಂಕಿ. ಕೈ ಒಂದೇ ಲಯದಲ್ಲಿ ಅಲುಗುತ್ತಿದ್ದರೆ ಬೆಳಕಿನಲ್ಲಿ ಅದೂ ಅಂಥದೇ ಅಲೆ ಎಬ್ಬಿಸುತ್ತದೆ. ಕೆಲವು ಸಲ ವಾಚು ನಾಡಿಯ ಅಲೆಯನ್ನು ಬಿಟ್ಟು ಕೈಯ ಅಲೆಗೇ ಗಂಟು ಬೀಳುತ್ತದೆ. ಲಾಳಿಯ ಹಗ್ಗ ಎಳೆಯುವ ಕೈ, ರೊಟ್ಟಿ ಬಡಿಯುವ ಕೈ, ಕಳೆ ತೆಗೆಯುವ ಕೈ, ಹೀಗೆ ನಮ್ಮ ಸೀಮೆಯ ದುಡಿಮೆಗೆಲ್ಲ ಒಂದು ಲಯವಿದೆ. ಅದಕ್ಕೇ ದುಡಿಯುವಾಗಿನ ಅಂಕಿ ನೋಡಿ ಎದೆ ಒಡೆದುಕೊಳ್ಳಬೇಡ. ಬೆಳಿಗ್ಗೆ ಎದ್ದು ಕುಳಿತಾಗಿನ ಅಂಕಿ, ಮಧ್ಯಾಹ್ನ ವಿಶ್ರಾಂತಿಯಲ್ಲಿದ್ದಾಗಿನ ಅಂಕಿ, ನಿದ್ದೆಯಲ್ಲಿದ್ದಾಗಿನ ಅಂಕಿ, ಇವನ್ನು ನೋಡು. ಪಟ್ಟಿಯನ್ನು ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ, ಕಚ್ಚು ಬೀಳದಷ್ಟು ಸಡಿಲಾಗಿ ಕಟ್ಟು.

ಅವ್ವನಿಗೂ ಒಂದು ತರುತ್ತೇನೆ ಎಂದಿದ್ದೆಯಲ್ಲ, ಅವಳ ಎಡ ಮುಂಗೈಯನ್ನು ಒಮ್ಮೆ ನೋಡು. ಮದುವೆಗೆ ಮೊದಲು ಹಾಕಿಸಿಕೊಂಡ ಹಚ್ಚೆ ಅಲ್ಲಿದೆ. ಹಚ್ಚೆಯ ಮಸಿ ಬೆಳಕನ್ನು ತಡೆಯುತ್ತದೆ, ವಾಚು ಓದಲಾರದೆ ತಡಕಾಡುತ್ತದೆ. ಹಚ್ಚೆಯಿಲ್ಲದ ಬಲಗೈಗೇ ಕಟ್ಟಬೇಕು. ಬಳೆಗಳು ವಾಚಿಗೆ ತಾಗಿ ಅಲುಗಿಸದಂತೆಯೂ ನೋಡಿಕೊಳ್ಳಬೇಕು. ಬಳೆ ತೆಗೆ ಎಂದು ಮಾತ್ರ ಅವಳಿಗೆ ಹೇಳಬೇಡ. ಹೇಳಿದರೆ ವಾಚೇ ಬೇಡ ಅನ್ನುತ್ತಾಳೆ, ನಾನೂ ಅವಳ ಕಡೆಗೇ ನಿಲ್ಲುತ್ತೇನೆ.

ಬೆಳಕಿನಿಂದಲೇ ಮೈ ಓದುವ ಇನ್ನೊಂದು ಸಲಕರಣೆಯಾದ, ಬೆರಳಿಗೆ ಚಿಮುಟದಂತೆ ಕಚ್ಚಿಸುವ ಪಲ್ಸ್ ಆಕ್ಸಿಮೀಟರನ್ನು 2021ರ ಬೇಸಿಗೆಯಲ್ಲಿ, ಕೊರೊನಾದ ಎರಡನೆಯ ಅಲೆಯ ದಿನಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೊತ್ತು ತಿರುಗಿದರು. ಅದರ ಮೂಲ ಉಪಾಯ ಹೊಳೆದದ್ದು ಜಪಾನಿನ ಟಕುವೊ ಅಯೋಯಾಗಿ ಎಂಬ ಇಂಜಿನಿಯರಿಗೆ, 1970ರ ದಶಕದ ಮೊದಲ ವರ್ಷಗಳಲ್ಲಿ. ಆಮ್ಲಜನಕ ಹೊತ್ತ ರಕ್ತ ಒಂದು ಬಗೆಯ ಬೆಳಕನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಕಳೆದುಕೊಂಡ ರಕ್ತ ಇನ್ನೊಂದು ಬಗೆಯದನ್ನು. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ ಎರಡರ ಅನುಪಾತ ನೋಡಿದರೆ ಆಮ್ಲಜನಕದ ಪ್ರಮಾಣ ತಿಳಿಯುತ್ತದೆ. ಎಷ್ಟೋ ಜೀವಗಳನ್ನು ಉಳಿಸಿದ ಸಲಕರಣೆ ಅದು. ಅದಕ್ಕೂ ಮಿತಿಗಳಿವೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಲೆಕ್ಕ ತಪ್ಪುತ್ತದೆ. 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಲೆಕ್ಕದಲ್ಲಿ, ಆಕ್ಸಿಮೀಟರಿನ ಕಣ್ಣಿಗೆ ಬೀಳದೆ ಹೋದ ಆಮ್ಲಜನಕದ ಕೊರತೆ ಬಿಳಿಯ ರೋಗಿಗಳಿಗಿಂತ ಕಪ್ಪು ವರ್ಣದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಬಿಸಿಲಲ್ಲಿ ದುಡಿದು ಮೈ ಕಪ್ಪಾದ ನಮ್ಮ ಜನರ ಬೆರಳಿಗೆ ಅದನ್ನು ಹಾಕುವಾಗ ಈ ಮಾತು ನೆನಪಿರಲಿ.

ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ನೌಕರಿಗೆ ಸೇರಿದ ಹೊಸದು, ಬೇರೆ ಜಿಲ್ಲೆಯ ಒಂದು ವಾರ್ಡಿನಲ್ಲಿ ರಾತ್ರಿ ಪಾಳಿ. ಒಬ್ಬ ಮುದುಕನ ಬೆರಳಿಗೆ ಹಾಕಿದ ಯಂತ್ರ 97 ತೋರಿಸುತ್ತಿತ್ತು. ಪರವಾಗಿಲ್ಲ ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದೆ. ಹಿರಿಯ ಸಿಸ್ಟರ್ ಒಬ್ಬರು ಬಂದು ಅವನ ಹೊದಿಕೆ ಸರಿಸಿ, ಹೊಟ್ಟೆಯ ಏರಿಳಿತ ನೋಡುತ್ತ ಒಂದು ನಿಮಿಷ ನಿಂತರು. ಉಸಿರು ನಿಮಿಷಕ್ಕೆ 36 ಸಲ ನಡೆಯುತ್ತಿತ್ತು. ಅವನು ಇದ್ದಬದ್ದ ಶಕ್ತಿಯನ್ನೆಲ್ಲ ಸುರಿದು ಉಸಿರಾಡುತ್ತಿದ್ದುದರಿಂದಲೇ ಆ 97 ಉಳಿದಿತ್ತು. ಶಕ್ತಿ ಮುಗಿದ ಗಳಿಗೆಗೆ ಅದು ದಡಕ್ಕನೆ ಬೀಳುವುದಿತ್ತು. ವೈದ್ಯರನ್ನು ಕೂಡಲೇ ಎಬ್ಬಿಸಿದ್ದರಿಂದ ಅವನು ಬದುಕಿದ. "ಯಂತ್ರಾನ ನೋಡಬ್ಯಾಡ ಅನ್ನೂದಿಲ್ಲ ನಾ. ಯಂತ್ರಾ ನೋಡೂಕಿಂತ ಮದಲ ಮನಿಷ್ಯಾನ್ನ ನೋಡು" ಎಂದರು ಸಿಸ್ಟರ್. ದೊಡ್ಡವರು ಆರಾಮಾಗಿ ಕುಳಿತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದನ್ನು ಎಣಿಸಲು ಬ್ಯಾಟರಿ ಬೇಕಿಲ್ಲ, ಎದುರಿಗೆ ಕೂರುವ ಒಬ್ಬ ಮನುಷ್ಯ ಸಾಕು. ವಿಡಿಯೊ ಕಾಲ್ ಮಾಡಿದಾಗ ನೀನೂ ಎಣಿಸಬಹುದು. ಆದರೆ ಎಣಿಸುತ್ತಿದ್ದೇನೆ ಎಂದು ಹೇಳಬೇಡ, ಹೇಳಿದರೆ ಉಸಿರಿನ ಲಯವೇ ಬದಲಾಗುತ್ತದೆ.

ಇನ್ನು ಅಂಕಿಯ ಹಿಂದಿನ ನೆಲದ ಮಾತು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಿಕ್ಕವಳಿದ್ದಾಗ ನಿನ್ನನ್ನು ಕರೆದುಕೊಂಡು ಹೋಗಿದ್ದೆ, ನೆನಪಿದೆಯೇ? ಚಳಿಗಾಲಕ್ಕೆ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಂಡು ಹಿಂಡಾಗಿ ಇಳಿಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಈ ಜಾತಿಯ ಹೆಬ್ಬಾತುಗಳು ಹಿಮಾಲಯವನ್ನು ಹೇಗೆ ದಾಟುತ್ತವೆ ಎಂದು ತಿಳಿಯಲು ವಿಜ್ಞಾನಿಗಳು ಮಂಗೋಲಿಯಾದಲ್ಲಿ ಕೆಲವು ಹಕ್ಕಿಗಳ ಮೈಯೊಳಗೆ ಪುಟ್ಟ ಉಪಕರಣ ಇಟ್ಟು ಎದೆಬಡಿತ, ರೆಕ್ಕೆಬಡಿತ, ಹಾರುವ ಎತ್ತರಗಳನ್ನು ದಾಖಲಿಸಿದರು. ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದ ಚಾರ್ಲ್ಸ್ ಬಿಷಪ್ ಮತ್ತು ಸಂಗಡಿಗರು 2015ರಲ್ಲಿ ಅದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಮ್ಮೆ ಎತ್ತರಕ್ಕೇರಿ ಅಲ್ಲೇ ನೆಟ್ಟಗೆ ಹಾರುವ ಬದಲು ಈ ಹಕ್ಕಿಗಳು ಬೆಟ್ಟ ಬಂದಾಗ ಏರುತ್ತ, ಕಣಿವೆ ಬಂದಾಗ ಇಳಿಯುತ್ತ, ನೆಲದ ಏರಿಳಿತವನ್ನೇ ಅನುಸರಿಸಿ ಹಾರುತ್ತವೆ. ಎತ್ತರದ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವ ಶ್ರಮ ಹೆಚ್ಚು, ಎದೆಯ ಮೇಲಿನ ಭಾರ ಹೆಚ್ಚು. ಇಳಿದು ಮತ್ತೆ ಏರುವುದೇ ಒಟ್ಟಿನಲ್ಲಿ ಅಗ್ಗ. ಹಕ್ಕಿಯ ಎದೆಬಡಿತದ ಗೆರೆಯನ್ನಷ್ಟೇ ಹಿಡಿದು ನೋಡಿದ್ದರೆ ಯಾಕೆ ಹೆಚ್ಚಿತು, ಯಾಕೆ ಇಳಿಯಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕೆಳಗಿನ ಬೆಟ್ಟ ಕಣಿವೆಯ ನಕ್ಷೆಯೊಡನೆ ಇಟ್ಟು ನೋಡಿದಾಗಲೇ ಅದು ಮಾತಾಡಿತು.

ನಿಮ್ಮಪ್ಪನ ಅಂಕಿಯೂ ಹಾಗೆಯೇ. ದೊಡ್ಡವರ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಎಂದು ಪುಸ್ತಕ ಹೇಳುತ್ತದೆ. ಆದರೆ ಅವನದು ಎಷ್ಟು? ಒಂದು ವಾರ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಕುಳಿತಲ್ಲಿ ನೋಡಿ ಬರೆದಿಟ್ಟರೆ ಅವನ ನೆಲ ಸಿಗುತ್ತದೆ. ಜ್ವರ ಬಂದಾಗ, ಕಪ್ಪತಗುಡ್ಡ ಹತ್ತಿದಾಗ, ಯಾರ ಮೇಲಾದರೂ ಸಿಟ್ಟು ಬಂದಾಗ ಅಂಕಿ ಏರಬೇಕಾದದ್ದೇ. ಏರದಿದ್ದರೆ ಚಿಂತೆ ಮಾಡಬೇಕು. ಕಾರಣವೇ ಇಲ್ಲದೆ, ಕುಳಿತಲ್ಲೇ, ಮೂರು ನಾಲ್ಕು ದಿನ ಅವನ ಮಾಮೂಲಿಗಿಂತ ಹದಿನೈದು ಇಪ್ಪತ್ತು ಹೆಚ್ಚಿದ್ದರೆ ವೈದ್ಯರಿಗೆ ಹೇಳು. ಒಂದು ಗಳಿಗೆಯ ಅಂಕಿಗಿಂತ ದಿನಗಳ ಸಾಲು ಹೆಚ್ಚು ಹೇಳುತ್ತದೆ. ವಾಚಿನಿಂದ ಆಗುವ ದೊಡ್ಡ ಉಪಕಾರವೂ ಇದೇ. ತಿಂಗಳಿಗೊಮ್ಮೆ ದವಾಖಾನೆಯಲ್ಲಿ ನೋಡಿದಾಗ ಕಾಣದ ಸಾಲನ್ನು ಅದು ಸದ್ದಿಲ್ಲದೆ ಬರೆದಿಡುತ್ತದೆ.

ಕೆಲವರ ಎದೆ ಲಯ ತಪ್ಪಿ ಅಡ್ಡಾದಿಡ್ಡಿ ಬಡಿಯುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಹಾಗೆ ಬಡಿಯುವಾಗ ಎದೆಯೊಳಗೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಇಂಥ ಲಯ ತಪ್ಪನ್ನು ವಾಚು ಹಿಡಿಯಬಲ್ಲದೇ ಎಂದು ಅಮೆರಿಕದಲ್ಲಿ 4,19,297 ಜನರ ಮೇಲೆ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎಚ್ಚರಿಕೆ ಬಂದದ್ದು ಶೇಕಡಾ 0.52 ಜನರಿಗೆ ಮಾತ್ರ. ಆಮೇಲೆ ಅವರಲ್ಲಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿ ನೋಡಿದವರ ಪೈಕಿ ಶೇಕಡಾ 34ರಷ್ಟು ಜನರಲ್ಲಿ ಆ ತೊಂದರೆ ಕಂಡಿತು. ಉಳಿದವರಿಗೆ ಏನೂ ಇರಲಿಲ್ಲ ಎನ್ನಲಾಗದು, ಈ ತೊಂದರೆ ಬಂದು ಹೋಗುವಂಥದ್ದು. ಹಾಗಾಗಿ ಎಚ್ಚರಿಕೆ ಬಂದರೆ ಅದನ್ನು ರೋಗವೆಂದು ತಿಳಿದು ಅಳಬೇಡ, ಯಂತ್ರದ ಹುಚ್ಚಾಟವೆಂದು ಒರೆಸಿಯೂ ಹಾಕಬೇಡ. ದವಾಖಾನೆಗೆ ಹೋಗಿ ಸರಿಯಾದ ಇಸಿಜಿ ಮಾಡಿಸು.

ಬಿಪಿ ಮತ್ತು ಶುಗರ್ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಬಿಪಿ ನೋಡುವ ವಿಧಾನ ಇಟಲಿಯ ರೀವಾ ರೋಚ್ಚಿ ಎಂಬ ವೈದ್ಯನಿಂದ 1896ರಲ್ಲಿ ಬಂತು. ಇಂದಿಗೂ ಮನೆಗೆ ಅದೇ ಭರವಸೆಯದ್ದು. ಬಿಪಿ ತೋರಿಸುತ್ತೇವೆ ಎನ್ನುವ ಕೆಲವು ವಾಚುಗಳನ್ನೂ ನಾಲ್ಕು ವಾರಕ್ಕೊಮ್ಮೆ ಈ ತೋಳುಪಟ್ಟಿಯ ಯಂತ್ರಕ್ಕೇ ಹೋಲಿಸಿ ಸರಿಪಡಿಸಿಕೊಳ್ಳಬೇಕು. ಹಾಗಿದ್ದ ಮೇಲೆ ಮನೆಯಲ್ಲಿ ತೋಳುಪಟ್ಟಿಯೇ ಇರಲಿ. ಚಹಾ ಕುಡಿದು, ಎಲೆಯಡಿಕೆ ತಂಬಾಕು ಹಾಕಿ ಅರ್ಧ ತಾಸು ಕಳೆದಿರಬೇಕು. ಬೆನ್ನಿಗೆ ಆಸರೆಯಿಟ್ಟು ಐದು ನಿಮಿಷ ಮಾತಿಲ್ಲದೆ ಕೂರಬೇಕು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಎರಡು ಸಲ ನೋಡಬೇಕು. ಮನೆಯಲ್ಲಿ ಹೀಗೆ ನೋಡಿದ್ದು ದಿನವೂ 135/85 ದಾಟುತ್ತಿದ್ದರೆ ವೈದ್ಯರ ಹತ್ತಿರ ಹೋಗಬೇಕು. ಇನ್ನು ಚುಚ್ಚದೆಯೇ ಶುಗರ್ ಹೇಳುತ್ತದೆ ಎಂಬ ವಾಚನ್ನಾಗಲಿ ಉಂಗುರವನ್ನಾಗಲಿ ಕೊಳ್ಳಲೇಬೇಡ. ಅಂಥ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಎಲ್ಲರನ್ನೂ ಎಚ್ಚರಿಸಿತು. ತೋಳಿಗೆ ಅಂಟಿಸಿಕೊಂಡು ಎರಡು ವಾರ ಇಟ್ಟುಕೊಳ್ಳುವ ಶುಗರ್ ಬಿಲ್ಲೆ ಬೇರೆ. ಅದರ ಕೂದಲೆಳೆಯಂಥ ತಂತು ಚರ್ಮದೊಳಗೆ ಇಳಿದಿರುತ್ತದೆ. ಸುಳ್ಳು ಶುಗರ್ ನೋಡಿ ಯಾರಾದರೂ ಇನ್ಸುಲಿನ್ ಹೆಚ್ಚು ಚುಚ್ಚಿಕೊಂಡರೆ ಜೀವಕ್ಕೇ ಅಪಾಯ.

ಎದೆನೋವಿನ ವಿಷಯ ಇದಕ್ಕಿಂತ ದೊಡ್ಡದು, ಗಮನವಿಟ್ಟು ಕೇಳು. ಕೆಲವು ವಾಚುಗಳು ಇಸಿಜಿಯನ್ನೂ ತೆಗೆಯುತ್ತವೆ. ಮನುಷ್ಯನ ಎದೆಬಡಿತವನ್ನು ದೂರಕ್ಕೆ ಕಳಿಸುವ ಆಸೆ ಹಳೆಯದು. ಹಾಲೆಂಡಿನ ಲೈಡನ್ ಊರಿನಲ್ಲಿ ವಿಲೆಮ್ ಐಂಥೋವನ್ ಎಂಬ ವಿಜ್ಞಾನಿ 1905ರಲ್ಲೇ ಆಸ್ಪತ್ರೆಯ ರೋಗಿಯ ಇಸಿಜಿಯನ್ನು ಟೆಲಿಫೋನ್ ತಂತಿಯ ಮೇಲೆ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡಿದ್ದ. ಆಮೇಲೆ 1940ರ ದಶಕದ ಕೊನೆಗೆ ಅಮೆರಿಕದ ಮೊಂಟಾನಾದಲ್ಲಿ ನಾರ್ಮನ್ ಹೋಲ್ಟರ್ ರೇಡಿಯೊ ಅಲೆಗಳಲ್ಲಿ ಎದೆಬಡಿತ ಕಳಿಸುವ ಯಂತ್ರ ಮಾಡಿದ. ಸುಮಾರು 38 ಕಿಲೋ ತೂಕದ ಅದನ್ನು ಬೆನ್ನಿಗೆ ಹೊರಬೇಕಿತ್ತು. ಈಗ ಅದು ಮುಂಗೈಗೆ ಬಂದು ಕೂತಿದೆ. ಆದರೆ ವಾಚಿನ ಇಸಿಜಿ ಎದೆಯನ್ನು ಒಂದೇ ದಿಕ್ಕಿನಿಂದ ನೋಡುತ್ತದೆ, ದವಾಖಾನೆಯದು ಹನ್ನೆರಡು ನೋಟಗಳಿಂದ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಹೋಗಿ ಒಂದು ಬಾಗಿಲಲ್ಲಿ ಇಣುಕಿ ಬಂದವನು ಗುಡಿ ನೋಡಿದೆ ಎಂದರೆ ಹೇಗೆ? ಹೃದಯಾಘಾತವನ್ನು ಹಿಡಿಯಲು ವಾಚಿನಿಂದ ಆಗುವುದಿಲ್ಲ. ವಾಚು ಎಲ್ಲ ಸರಿಯಿದೆ ಎಂದು ತೋರಿಸುತ್ತಿರುವಾಗಲೇ ಹೃದಯದ ರಕ್ತನಾಳ ಕಟ್ಟಿಕೊಂಡಿರಬಹುದು.

ನಮ್ಮ ಕಡೆ ಎದೆ ಹಿಡಿದರೆ ಮೊದಲು ಬರುವ ಮಾತು "ಗ್ಯಾಸ್ ಆಗಿರಬೇಕು". ಒಂದು ಸೋಡಾ ತರಿಸಿ ಕುಡಿಸಿ, ಬೆನ್ನು ತಿಕ್ಕಿ, ಬೆಳಗಾಗಲಿ ನೋಡೋಣ ಎಂದು ಮಲಗಿಸುತ್ತಾರೆ. ಹಾಗೆ ಮಲಗಿದವರನ್ನು ಬೆಳಿಗ್ಗೆ ಹೊತ್ತು ತಂದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಎದೆಯ ಮೇಲೆ ಬೀಸುಕಲ್ಲು ಇಟ್ಟಂತೆ ಭಾರ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಬಂದರೆ ವಾಚಿನ ಕಡೆ ನೋಡಲೇಬೇಡಿ. ಹೆಣ್ಣುಮಕ್ಕಳಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ದಮ್ಮು, ವಾಕರಿಕೆಯಾಗಿಯೂ ಬರಬಹುದು. ಕೂಡಲೇ 108ಕ್ಕೆ ಫೋನ್ ಮಾಡಬೇಕು. ಪುನೀತ್ ರಾಜಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ತಾಲೂಕು ದವಾಖಾನೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಓದಿ ಹೇಳುವ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆ ಕೊಡುವ ವ್ಯವಸ್ಥೆ ಇದೆ. ಲಕ್ಷ್ಮೇಶ್ವರದಿಂದಾಗಲಿ ಮುಂಡರಗಿಯಿಂದಾಗಲಿ ಗದಗ ಹತ್ತಿರ ಹತ್ತಿರ 40 ಕಿಲೋಮೀಟರ್. ಆ ದಾರಿ ಸವೆಸುವ ಹೊತ್ತಿನಲ್ಲಿ ಹೃದಯದ ಮಾಂಸ ಸಾಯುತ್ತಿರುತ್ತದೆ. ಮುಂಡರಗಿಯ ನಿಮ್ಮ ಸೋದರಮಾವನ ಮನೆಯವರಿಗೂ ಇದನ್ನು ಇವತ್ತೇ ಹೇಳು: ಹತ್ತಿರದ ಯಾವ ದವಾಖಾನೆಯಲ್ಲಿ ಈ ಇಂಜೆಕ್ಷನ್ ಸಿಗುತ್ತದೆ ಎಂದು ಆರಾಮಿದ್ದಾಗಲೇ ಹೋಗಿ ಕೇಳಿಕೊಂಡು ಬರಲಿ.

ಮುಂದಿನ ದಾರಿ ಎಂದು ನಾನು ಒತ್ತಿ ಹೇಳುವುದಕ್ಕೆ ನಮ್ಮ ನೆರೆ ಜಿಲ್ಲೆಗಳಲ್ಲೇ ನಡೆದ ಒಂದು ಪಾಠವಿದೆ. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಕ್ಲಿಪ್ ಎಂಬ ದೊಡ್ಡ ಪ್ರಯೋಗ ನಡೆಯಿತು. ಗರ್ಭಿಣಿಯರ ಮನೆಗೇ ಹೋಗಿ ಬಿಪಿ ಯಂತ್ರ, ಆಕ್ಸಿಮೀಟರು, ಅಪಾಯ ಲೆಕ್ಕ ಹಾಕುವ ಮೊಬೈಲ್ ಆ್ಯಪ್ ಹಿಡಿದು ಆರೋಗ್ಯ ಕಾರ್ಯಕರ್ತೆಯರು ನೋಡಿದರು; ಬಿಪಿ ಏರಿ ನಂಜಾಗುವ ಬಸುರಿಯರನ್ನು ಮೊದಲೇ ಗುರುತಿಸುವುದು ಉದ್ದೇಶ. ಪಾಕಿಸ್ತಾನ, ಮೊಜಾಂಬಿಕ್‌ನಲ್ಲೂ ಇದೇ ನಡೆಯಿತು. 2020ರಲ್ಲಿ ಮೂರೂ ದೇಶಗಳ ಫಲಿತಾಂಶ ಒಟ್ಟು ಮಾಡಿದಾಗ ತಾಯಿ ಮಕ್ಕಳ ಸಾವು ಮತ್ತು ದೊಡ್ಡ ತೊಂದರೆಗಳು ಒಟ್ಟಾರೆ ಕಡಿಮೆಯಾಗಿರಲಿಲ್ಲ. ಹೆಚ್ಚು ಸಲ ಭೇಟಿಯಾದ ಗರ್ಭಿಣಿಯರಲ್ಲಿ ಮಾತ್ರ ಒಳ್ಳೆಯ ಸೂಚನೆ ಕಂಡಿತು. ಮನೆಯ ಬಾಗಿಲಲ್ಲಿ ಅಳೆಯುವುದರ ಜೊತೆಗೆ ದವಾಖಾನೆಯೂ ಗಟ್ಟಿಯಾಗಬೇಕು ಎಂಬುದು ಅದರ ಪಾಠ. ಹೆರಿಗೆ ವಾರ್ಡಿನಲ್ಲಿ ರಾತ್ರಿಗಳನ್ನು ಕಳೆದ ನನಗೆ ಈ ಮಾತು ಹೊಸದೆನಿಸಲಿಲ್ಲ. ಅಳತೆ ಬಾಗಿಲು ತಟ್ಟುತ್ತದೆ, ಒಳಗಿನಿಂದ ಯಾರಾದರೂ ಎದ್ದು ಬರಬೇಕು.

ಇಷ್ಟೆಲ್ಲ ಹೇಳಿದೆನೆಂದು ಮೈ ಅಳೆಯುವ ಈ ವಿದ್ಯೆಯನ್ನೇ ಹಗುರವಾಗಿ ಕಾಣುತ್ತೇನೆ ಅಂದುಕೊಳ್ಳಬೇಡ. ಅದರ ಬೆಲೆ ನನಗೆ ತಿಳಿದದ್ದು ದಿನ ತುಂಬದೆ ಹುಟ್ಟಿದ ಕೂಸುಗಳ ಕೋಣೆಯಲ್ಲಿ. ಬೊಗಸೆಯಷ್ಟು ಕೂಸು, ಅದರ ಮೈತುಂಬ ವೈರುಗಳು. ಎದೆಗೆ ಮೂರು, ಕಾಲಿಗೊಂದು, ಹೊಟ್ಟೆಯ ಮೇಲೊಂದು. ಅಂಟು ಪಟ್ಟಿ ತೆಗೆಯುವಾಗ ಈರುಳ್ಳಿ ಸಿಪ್ಪೆಯಂಥ ಅದರ ಚರ್ಮವೂ ಕಿತ್ತು ಬರುತ್ತಿತ್ತು. ಬಾಣಂತಿ ಗಾಜಿನ ಆಚೆ ನಿಂತು "ಒಮ್ಮೆ ಎತ್ಕೊಳ್ಳಲೇನ್ರೀ ಅಕ್ಕಾರ?" ಎಂದು ಕೇಳುತ್ತಿದ್ದಳು. ವೈರು ಕಿತ್ತೀತೆಂಬ ಹೆದರಿಕೆಯಿಂದ ಬೇಡ ಎಂದು ಎಷ್ಟು ತಾಯಂದಿರಿಗೆ ಹೇಳಿದ್ದೇನೋ. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಕೂಸನ್ನು ಬೆಚ್ಚಗಿಡುವ ಕಾಂಗರೂ ಆರೈಕೆ ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ಶುರುವಾದದ್ದು. ಅದರಿಂದ ಕೂಸುಗಳು ಉಳಿಯುತ್ತವೆ ಎಂದು ನಮಗೆ ಗೊತ್ತಿತ್ತು. ಆದರೂ ಅಳೆಯುವ ವೈರೇ ತಾಯಿಗೆ ಅಡ್ಡ ನಿಂತಿತ್ತು.

ಆ ಅಡ್ಡಿಯನ್ನು ತೆಗೆಯುವ ಕೆಲಸ ಈಗ ಆಗುತ್ತಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ಮತ್ತು ಸಂಗಡಿಗರು 2019ರಲ್ಲಿ ಎರಡು ತೆಳು ಮೆತ್ತನೆಯ ಪಟ್ಟಿಗಳನ್ನು ತೋರಿಸಿದರು. ಒಂದನ್ನು ಕೂಸಿನ ಎದೆಗೆ, ಇನ್ನೊಂದನ್ನು ಪಾದಕ್ಕೆ ಹಚ್ಚಿದರೆ ಎದೆಬಡಿತ, ಉಸಿರು, ಆಮ್ಲಜನಕ, ಮೈಬಿಸಿ ಎಲ್ಲವೂ ವೈರಿಲ್ಲದೆ ಪರದೆಗೆ ಬರುತ್ತವೆ. ಬಿಗಿ ಅಂಟು ಬೇಡದ್ದರಿಂದ ಚರ್ಮ ಕೀಳುವುದಿಲ್ಲ, ತಾಯಿ ಕೂಸನ್ನು ಎತ್ತಿ ಎದೆಗವಚಿಕೊಳ್ಳಬಹುದು. ನಮ್ಮ ಬೆಂಗಳೂರಿನ ಬೆಂಪು ಕಂಪನಿ ಇನ್ನೂ ಸರಳವಾದದ್ದನ್ನು ಮಾಡಿತು. ಕೂಸಿನ ಮಣಿಕಟ್ಟಿಗೆ ಕಟ್ಟುವ ಪುಟ್ಟ ಕಡಗ ಅದು. ಮೈ ಬೆಚ್ಚಗಿದ್ದರೆ ನೀಲಿ ದೀಪ ಮಿನುಗುತ್ತದೆ, ಮೈಬಿಸಿ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಕಿತ್ತಳೆ ದೀಪ ಹತ್ತಿ ಸದ್ದು ಮಾಡುತ್ತದೆ. ಓದು ಬರಹ ಬಾರದ ತಾಯಿಗೂ ಏನು ಮಾಡಬೇಕೆಂದು ಗೊತ್ತು: ಕೂಸನ್ನು ಎತ್ತಿ ಎದೆಗೆ ಹಾಕಿಕೊಳ್ಳಬೇಕು. ನನಗೆ ತುಂಬ ಇಷ್ಟವಾದ ಸಲಕರಣೆ ಇದು. ಅದು ಕೂಗುವುದು ತಾಯಿಯನ್ನು, ತಾಯಿ ಅಲ್ಲೇ ಇದ್ದಾಳೆ, ಔಷಧವೂ ಅವಳ ಎದೆಯೇ. ಸಲಕರಣೆ ಕೊಳ್ಳುವಾಗಲೆಲ್ಲ ಈ ಕಡಗವನ್ನು ಒರೆಗಲ್ಲಾಗಿ ಇಟ್ಟುಕೋ: ಇದು ಯಾರನ್ನು ಕೂಗುತ್ತದೆ, ಅವರು ಎಷ್ಟು ದೂರದಲ್ಲಿದ್ದಾರೆ, ಬಂದು ಏನು ಮಾಡಬಲ್ಲರು?

ನಿಮ್ಮಪ್ಪನ ವಾಚು ಕೂಗುವುದು ಬೆಂಗಳೂರಿನಲ್ಲಿರುವ ನಿನ್ನನ್ನು. ಮಧ್ಯರಾತ್ರಿ ಕೂಗಿದರೆ ನೀನು ಏನು ಮಾಡುತ್ತೀ? ವಾಚಿನ ಮಾತು ಮೊದಲು ಹತ್ತು ಮೀಟರಿನೊಳಗಿನ ಅವನ ಮೊಬೈಲಿಗೆ ಹೋಗಬೇಕು, ಮೊಬೈಲಿಗೆ ಚಾರ್ಜಿರಬೇಕು, ನೆಟ್‌ವರ್ಕ್ ಇರಬೇಕು. ಕಪ್ಪತಗುಡ್ಡದ ಮಗ್ಗುಲ ಹಳ್ಳಿಗಳಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಎಷ್ಟು ಕಷ್ಟವೆಂದು ಅಲ್ಲಿಯ ಮಕ್ಕಳಿಗೆ ಗೊತ್ತು. ಆದ್ದರಿಂದ ಎಚ್ಚರಿಕೆ ಓಣಿಯಲ್ಲಿ ಇರುವವರೊಬ್ಬರಿಗೂ ಹೋಗುವಂತೆ ಮಾಡು. ನನ್ನ ನಂಬರನ್ನೂ ಹಾಕು. ನನಗೆ ವಯಸ್ಸಾಗಿದೆ, ಹಿಂದಿನ ಮನೆಯ ಆಟೋ ಹುಡುಗನದನ್ನೂ ಹಾಕು.

ಇನ್ನೊಂದು ಸೂಕ್ಷ್ಮ ಮಾತು. ವಾಚು ಕಟ್ಟುವ ಮೊದಲು ಅಪ್ಪನನ್ನು ಕೇಳಿದೆಯಾ? ಅವನು ಎಷ್ಟು ಹೊತ್ತಿಗೆ ಮಲಗಿದ, ರಾತ್ರಿ ಎಷ್ಟು ಸಲ ಎದ್ದ, ಎಲ್ಲಿಗೆ ನಡೆದ ಎಂಬುದೆಲ್ಲ ನಿನ್ನ ಮೊಬೈಲಿಗೆ ಬರುತ್ತದೆ, ವಾಚಿನ ಕಂಪನಿಗೂ ಹೋಗುತ್ತದೆ. 2023ರಲ್ಲಿ ನಮ್ಮ ದೇಶ ಮಾಡಿದ ವೈಯಕ್ತಿಕ ದತ್ತಾಂಶದ ಕಾಯ್ದೆಯ ಬೇರೂ ಒಪ್ಪಿಗೆಯೇ. ಕಾಯಿದೆಗಿಂತ ದೊಡ್ಡದು ಮರ್ಯಾದೆ. ನಿನ್ನೆ ರಾತ್ರಿ ಯಾಕೆ ನಿದ್ದೆ ಮಾಡಲಿಲ್ಲ ಎಂದು ದಿನವೂ ಗದರಿಸಿದರೆ ನಾಲ್ಕನೆಯ ದಿನ ಅವನು ವಾಚನ್ನು ಮಾಡದಲ್ಲಿ ಬಿಚ್ಚಿಡುತ್ತಾನೆ. ಅಪ್ಪನನ್ನು ಕಾಯುವುದು ಬೇರೆ, ಅಪ್ಪನಿಗೆ ಕಾವಲು ಹಾಕುವುದು ಬೇರೆ. ಏನು ನೋಡುತ್ತೇನೆ, ಏನು ನೋಡುವುದಿಲ್ಲ ಎಂದು ಅವನೆದುರು ಕುಳಿತು ಹೇಳು. ಕೈಗೆ ಕಟ್ಟಿಕೊಳ್ಳುವುದೇ ಬೇಡ ಎಂದರೆ ಬೆಂಗಳೂರಿನ ಡೋಜೀ ಕಂಪನಿಯವರು ಮಾಡುವಂಥ, ಹಾಸಿಗೆಯಡಿ ಹಾಸುವ ತೆಳು ಹಾಳೆಗಳೂ ಇವೆ. ಮೈ ಮುಟ್ಟದೆ ಎದೆಬಡಿತ, ಉಸಿರಿನ ಸಣ್ಣ ಕಂಪನವನ್ನು ಅವು ಓದುತ್ತವೆ. ಅದಕ್ಕೂ ಅವನ ಒಪ್ಪಿಗೆ ಬೇಕು.

ಬಸ್ಸು ಹತ್ತುವ ಮೊದಲು ಮಾಡಬೇಕಾದ ಕೆಲಸ ಹೇಳುತ್ತೇನೆ. ಒಂದು ದೊಡ್ಡ ಹಾಳೆ ತಗೊಂಡು ಮಗ್ಗದ ಕೋಣೆಯ ಬಾಗಿಲ ಹಿಂದೆ ಅಂಟಿಸು. ಅಪ್ಪನ ಮಾಮೂಲಿ ನಾಡಿ, ಬಿಪಿ, ನುಂಗುವ ಗುಳಿಗೆಗಳ ಹೆಸರು ಹೊತ್ತು ದಪ್ಪ ಅಕ್ಷರದಲ್ಲಿ ಬರೆ. ಅದರ ಕೆಳಗೆ 108, ನಮ್ಮ ಆಶಾ ತಂಗಿಯ ನಂಬರು, ಆಟೋ ಹುಡುಗನ ನಂಬರು. ಅದರ ಕೆಳಗೆ ಯಾವ ಲಕ್ಷಣ ಕಂಡರೆ ಯಾವ ದವಾಖಾನೆ ಎಂದು ಬರೆ. ನಮಗೆ ಮಲ್ಲಸಮುದ್ರದ ಜಿಮ್ಸ್ ದೊಡ್ಡ ದವಾಖಾನೆ. ಒಮ್ಮೆ ಆ ಹುಡುಗನ ಆಟೋದಲ್ಲೇ ಅಪ್ಪ ಅವ್ವನನ್ನು ಕೂರಿಸಿಕೊಂಡು ಅಲ್ಲಿಯ ತುರ್ತು ಚಿಕಿತ್ಸೆಯ ಬಾಗಿಲವರೆಗೆ ಹೋಗಿ ಬಾ. ಆರಾಮಿದ್ದಾಗ ಒಮ್ಮೆ ನಡೆದ ದಾರಿಯನ್ನು ಗಾಬರಿಯಲ್ಲೂ ಕಾಲು ಮರೆಯುವುದಿಲ್ಲ.

ಕೊನೆಯ ಕೆಲಸ ಇವತ್ತು ರಾತ್ರಿ ಊಟವಾದ ಮೇಲೆ. ಅಪ್ಪನ ಪಕ್ಕ ಕುಳಿತು ಅವನ ಕೈ ಹಿಡಿ. ನೂಲೆಳೆದು ಒರಟಾದ ಆ ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳಿಡು, ಒತ್ತಬೇಡ. ಸಿಗಲಿಲ್ಲ ಎಂದು ಕೈ ಬಿಡಬೇಡ, ತುಸು ಸರಿಸಿ ನೋಡು, ಸಿಗುತ್ತದೆ. ಪೂರ್ತಿ ಒಂದು ನಿಮಿಷ ಎಣಿಸು. ಬಂದ ಅಂಕಿಯನ್ನು ಹಾಳೆಯ ಮೊದಲ ಸಾಲಿನಲ್ಲಿ ನಿನ್ನ ಅಕ್ಷರದಲ್ಲೇ ಬರೆ. ವಾಚನ್ನು ಆಮೇಲೆ ಕಟ್ಟು.